ನೆರಳು ಆರಿಸಿ

ಹದಿನೇಳು ವರ್ಷ ಪಲ್ಟನ್ನಿನ ಲಾರಿಗಳ ಹೊಟ್ಟೆಯಡಿ
ಅಂಗಾತ ಮಲಗಿದ್ದವನು ನಾನು.
ಲೇಹ್‌ಗೆ ಹತ್ತುವ ದಾರಿಯಲ್ಲಿ ಕುದ್ದ ರೇಡಿಯೇಟರಿಗೆ
ಹಿಮ ತುರುಕಿ ತಣಿಸಿದ್ದುಂಟು.
ಅದಕ್ಕೇ ಇರಬೇಕು, ದೇಚು ಬಂದು
‘ಅಜ್ಜ, ನನ್ನ ಕಂಪ್ಯೂಟರ್ ಏದುಸಿರು ಬಿಡ್ತದೆ’ ಅಂದಾಗ
ಸ್ಪ್ಯಾನರ್ ಪೆಟ್ಟಿಗೆ ಹಿಡಿದೇ ಹೋದೆ.

ಕಾರಿನ ಆಟ. ತಿರುವು ಬಂತೆಂದರೆ ಕಾರು ನಿಲ್ಲುತ್ತದೆ,
ಯೋಚಿಸುತ್ತದೆ,
ಮತ್ತೆ ನೋಡಿದರೆ ನಾಲ್ಕು ಮಾರು ಆಚೆ
ಗೋಡೆಗೆ ಮೂತಿ ಕೊಟ್ಟು ನಿಂತಿರುತ್ತದೆ.
ಸೆಕೆಂಡಿಗೆ ಹತ್ತೊಂಬತ್ತು ಚಿತ್ರವಂತೆ, ಅರವತ್ತು ಬೇಕಂತೆ.
ಸೋತರೆ ಅವಳ ಮೂಗು ಕೆಂಪಾಗುತ್ತದೆ,
ಥೇಟ್ ಅವಳಜ್ಜಿಯ ಮೂಗು.

ಪಕ್ಕದ ತಗಡು ಬಿಚ್ಚಿದೆ.
ಒಳಗೆ ಜನವರಿಯ ಕಣ:
ಕಾಫಿ ಸಿಪ್ಪೆಯ ಹುಡಿ, ನಾಯಿ ಕೂದಲು,
ಫ್ಯಾನಿನ ರೆಕ್ಕೆಗೆ ಕಂಬಳಿ ಹೊದಿಸಿದಂತೆ ಧೂಳು,
ಹಲ್ಲಿಯ ಎರಡು ಮೊಟ್ಟೆ. ಒಂದು ಒಡೆದದ್ದು.
ಇಷ್ಟು ಬೆಚ್ಚನೆಯ ಜಾಗ ಪೊನ್ನಂಪೇಟೆಯಲ್ಲಿ
ಇನ್ನೆಲ್ಲಿ ಸಿಗಬೇಕು, ಪಾಪ.
ಇನ್ನೊಂದನ್ನು ಹತ್ತಿ ಹಾಸಿದ ಬೆಂಕಿಪೊಟ್ಟಣಕ್ಕೆ ವರ್ಗ ಮಾಡಿದೆ.

ಪ್ರೊಸೆಸರಿನ ತಲೆಯ ಪೇಸ್ಟು ಒಣಗಿ ಸುಣ್ಣವಾಗಿತ್ತು.
‘ಕಡಲೆ ಗಾತ್ರ ಸಾಕು ಅಂಕಲ್, ಅಕ್ಕಿ ರೊಟ್ಟಿಗೆ ತುಪ್ಪ ಸವರಿದ ಹಾಗಲ್ಲ’
ಎಂದ ಫೋನಿನಲ್ಲಿ ಉನೈಸ್.
ಗೋಣಿಕೊಪ್ಪ ಬೈಪಾಸಿನಲ್ಲಿ ಅವನ ಅಂಗಡಿ,
ಎಂಟು ಜಿಬಿ ರ‍್ಯಾಮ್, ಯಾರೋ ಬಳಸಿ ಬಿಟ್ಟದ್ದು,
ಹದಿನಾಲ್ಕು ನೂರು ಎಂದದ್ದನ್ನು ಹನ್ನೊಂದಕ್ಕೆ ಇಳಿಸಿ ತಂದೆ.
ಕೋವಿಗೆ ತೋಟೆ ಕೂತ ಹಾಗೆ ಟಕ್ ಎಂದು ಕೂತಿತು.

ಎದ್ದ ಕೂಡಲೇ ಹಾಜರಿ ಕೊಡುವವರ ಪಟ್ಟಿ ತೆರೆದಳು.
ಇಪ್ಪತ್ತಮೂರು ಮಂದಿ!
‘ಇದರಲ್ಲಿ ಕೆಲಸ ಮಾಡುವವರೆಷ್ಟು?’
‘ಐದು.’
‘ಉಳಿದವರಿಗೆ ರಜೆ ಬರೆ.’

ಆಮೇಲೆ ಕರೆಂಟು.
ಹೂಮಳೆ ತಪ್ಪಿದ ಮಾರ್ಚಿನಲ್ಲಿ ತೋಟಗಳ ಮೋಟರೆಲ್ಲ
ಒಟ್ಟಿಗೆ ಹೊಳೆಗೆ ಬಾಯಿ ಹಾಕುತ್ತವೆ,
ಬಲ್ಬು ಮಿಣುಕು ಹುಳವಾಗುತ್ತದೆ.
ಕಾಫಿಗೆ ಹೂವು, ಅವಳ ಕಾರಿಗೆ ಕತ್ತಲೆ.
ಪಕ್ಕದ ಬೆಳ್ಯಪ್ಪನಿಗೆ ಹೇಳಿ ಬಂದೆ:
ಒಂಬತ್ತರ ನಂತರ ಹಚ್ಚು ಮಾರಾಯ, ಮಗು ಆಡ್ತಾಳೆ.
ನಕ್ಕ. ಆಗಲಿ ಎಂದ.
ಹಚ್ಚಿದ್ದು ಎಂಟಕ್ಕೇ.
ಹಳೆಯ ಸ್ಟೆಬಿಲೈಸರ್ ಅಟ್ಟದಿಂದ ಇಳಿಸಿದೆ.

ಇಷ್ಟೆಲ್ಲ ಆಗಿ ನಲವತ್ತೊಂದು.
ಕೊನೆಗೆ ಅವಳೇ ಕೂತಳು.
ಹುಲ್ಲು: ಕಡಿಮೆ.
ದೂರದ ಬೆಟ್ಟ: ಕಡಿಮೆ.
ನೀರಿನಲ್ಲಿ ಕಾಣುವ ಆಕಾಶ: ಬೇಡ.
ನೆರಳು: ಆರಿಸು.
ಒಂದೊಂದು ಹೋದಂತೆ ಮೂಲೆಯ ಅಂಕಿ ಏರುತ್ತಿತ್ತು.
ಅರವತ್ತಮೂರು!
ಬೆಣ್ಣೆಯಲ್ಲಿ ಕೂದಲು ತೆಗೆದಂತೆ ತಿರುವು ದಾಟಿತು ಕಾರು.
ಮರಗಳ ಕಾಲಡಿ ಏನೂ ಇಲ್ಲ,
ದಾರಿಬದಿ ನಿಂತ ಮನುಷ್ಯರ ಕಾಲಡಿಯೂ.
‘ನೆರಳು ಎಲ್ಲಿ ಹೋಯಿತು?’ ಕೇಳಿದೆ.
‘ಓಡುವಾಗ ಯಾರು ನೋಡ್ತಾರೆ ಅಜ್ಜ.’

ಸರಿ. ನಾವೂ ಇಳಿಸಿದ್ದೇವೆ.
ಲಾರಿ ಹತ್ತಲಾರದ ಏರಿನಲ್ಲಿ
ಮೊದಲು ಸೀಮೆಎಣ್ಣೆ ಡಬ್ಬಿ, ಆಮೇಲೆ ಹಾಸಿಗೆ,
ಆಮೇಲೆ ಟಪಾಲಿನ ಚೀಲ.
ಡಬ್ಬಿಗೂ ಹಾಸಿಗೆಗೂ ಮರುದಿನ ಜನ ಹೋದರು.
ಚೀಲ ತಂದವರು ಯಾರೆಂದು
ನಾನು ಈವರೆಗೂ ಯಾರನ್ನೂ ಕೇಳಿಲ್ಲ.

ಬೆಳಿಗ್ಗೆ ಅಂಗಳಕ್ಕಿಳಿದರೆ ಮಂಜು.
ಕುಂದ ಬೆಟ್ಟ ಇಲ್ಲ.
ಸಿಲ್ವರ್ ಓಕಿನ ಮೂರನೆಯ ಸಾಲಿನಿಂದಾಚೆ
ಯಾರೂ ಏನನ್ನೂ ಬರೆದೇ ಇಲ್ಲ.
ದೇಚು ಬ್ರಶ್ಶು ಕಚ್ಚಿಕೊಂಡೇ ಅಂದಳು:
‘ನಮ್ಮೂರಿಗೂ ರ‍್ಯಾಮ್ ಸಾಲುವುದಿಲ್ಲ ಅಜ್ಜ.’

ಬೆಂಕಿಪೊಟ್ಟಣ ಸ್ಟೆಬಿಲೈಸರಿನ ಮೇಲಿದೆ.
ಈಗ ಬೆಚ್ಚಗಿರುವುದು ಅದೊಂದೇ.
ಮೊಟ್ಟೆ ಇನ್ನೂ ಒಡೆದಿಲ್ಲ.