ಮೊದಲು ಓಡುವವಳು

ಒಂದೇ ಕಾರು, ಇಬ್ಬರು ನಾವು.
ಹೆಫಿನ್ ನನಗಿಂತ ನಾಲ್ಕು ವರ್ಷ ಚಿಕ್ಕವನು.
ಬ್ರಿನ್ ಕೋಖ್ ಗುಡ್ಡದ ಪಟ್ಟಿಯಲ್ಲಿ ಮಾತ್ರ
ಯಾವಾಗಲೂ ನನಗಿಂತ ಮೇಲೆ.
ಅರ್ಧ ಸೆಕೆಂಡು ಮೇಲೆ.

ಗುಡ್ಡ ಮುಗಿಯುವುದು ನಲವತ್ತೆರಡು ಸೆಕೆಂಡಿಗೆ.
ಅಷ್ಟರಲ್ಲಿ ಕೆಟಲಿನ ನೀರೂ ಸದ್ದೆತ್ತುವುದಿಲ್ಲ,
ಇನ್ನು ಟೈರು ಕಾಯುವುದೆಲ್ಲಿ ಬಂತು?
ಮೊದಲು ಹೋಗುವವಳು ನಾನು:
ವೇಲ್ಸಿನ ಏಪ್ರಿಲ್ ಮಂಜು, ಕುರಿ ದಾಟಿದ ಒದ್ದೆ,
ಕಲ್ಲಿನಂಥ ರಬ್ಬರು.
ಇಳಿದು ಬಂದು ಬೆಲ್ಟು ಬಿಚ್ಚಿ ಸೀಟು ಬಿಟ್ಟುಕೊಟ್ಟರೆ
ಅವನಿಗೆ ಸಿಗುವುದು
ಒಲೆಯಿಂದ ಆಗಷ್ಟೇ ಇಳಿಸಿದ್ದು.
ಹನ್ನೊಂದು ವರ್ಷ ಹೀಗೆ.
ಯಾರೂ ಗೊತ್ತುಮಾಡಿದ್ದಲ್ಲ,
ಊಟದ ಮೇಜಿನಲ್ಲಿ ಯಾರ ಕುರ್ಚಿ ಯಾವುದೆಂದು
ಗೊತ್ತಾಗುವ ಹಾಗೆ ಗೊತ್ತಾಗಿದ್ದು.

ಫೆಬ್ರವರಿಯಲ್ಲಿ ಎಮ್ಲಿನ್‌ನ ಶೆಡ್ಡಿಗೆ ಒಬ್ಬಳೇ ಹೋದೆ.
ಗೋಡೆಗೊರಗಿದ ಟೈರುಗಳು, ಸೀಮೆಸುಣ್ಣದ ಗುರುತು,
ಯಾರೋ ಓಡಿಸಿ ಬೇಸತ್ತು ಮಾರಿದವು.
ಹೊಸವಾದರೆ ನಾಲ್ಕಕ್ಕೆ ಆರುನೂರು ಪೌಂಡು, ಎಂದ.
ನಾನು ಶಾಲೆಯ ಬಸ್ಸು ಓಡಿಸುವವಳು,
ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು
ನನಗೆ ಯಾರೂ ಕಲಿಸಬೇಕಿಲ್ಲ.
ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು
ಒಂದೇ ಕನ್ನಡಕ ಬದಲಿಸಿಕೊಳ್ಳುತ್ತ ಇಬ್ಬರೂ ಓದಿದೆವು:
ಯಾವ ವರ್ಷ, ಯಾವ ವಾರ ಅಚ್ಚಿನಿಂದ ಬಿದ್ದದ್ದು.
ರಬ್ಬರು ಓಡದೆಯೂ ಮುದಿಯಾಗುತ್ತದೆ, ಎಂದ ಎಮ್ಲಿನ್,
ಕತ್ತಲಲ್ಲಿಟ್ಟರೂ, ಕಂಬಳಿ ಹೊದಿಸಿದರೂ.
ಉಗುರು ಊರಿ ನೋಡು:
ಗುರುತು ನಿಧಾನಕ್ಕೆ ಮುಚ್ಚಿದರೆ ಸರಿ,
ಉಗುರೇ ಬಾಗಿದರೆ ಬೇಡ.

ಗಟ್ಟಿಯದು ಕಾಯಬೇಕು, ಅದಕ್ಕಾಗಿ ನಾವೂ ಕಾಯಬೇಕು,
ಕಾದ ಮೇಲೆ ಹಿಡಿದದ್ದನ್ನು ಬಿಡುವುದಿಲ್ಲ.
ಪ್ರತಿ ವರ್ಷ ನಾವು ಕೊಳ್ಳುವುದು ಅದನ್ನೇ.
ಮೆತ್ತನೆಯದು ತಣ್ಣಗಿದ್ದರೂ ರಸ್ತೆ ಕಚ್ಚುತ್ತದೆ,
ಬಿಸಿಲಿದ್ದರೆ ಎರಡನೆಯ ಸಲಕ್ಕೆ ಬೆಣ್ಣೆ.
ಯಾರಿಗೆ ಬೇಕು, ನಿನಗೋ ಅವನಿಗೋ?
ಎಂಥ ಪ್ರಶ್ನೆ. ಟೈರು ಕಾರಿಗಲ್ಲವೇ,
ಅಂದುಕೊಳ್ಳುತ್ತಲೇ ಪರ್ಸು ತೆಗೆದೆ.
ಮೆತ್ತನೆಯವು ನಾಲ್ಕು, ಒಂದು ಋತು ಓಡಿದವು,
ಇನ್ನೂರ ಹತ್ತು.

ಹೆಫಿನ್ ಬೆರಳಲ್ಲಿ ಒತ್ತಿ ನೋಡಿದ.
ಮೆತ್ತಗಿದೆಯಲ್ಲ, ಎಂದ.
ಹೂಂ, ಎಂದೆ.
ಗಾಳಿ ಹದಿನೆಂಟಕ್ಕೆ ಇಳಿಸಬೇಕು, ಎಂದ.
ಇಪ್ಪತ್ತಿರಲಿ, ಎಂದೆ.
ನಮ್ಮ ಮನೆಯಲ್ಲಿ ಜಗಳಗಳೆಲ್ಲ
ಗಾಳಿಯ ಅಳತೆಯಲ್ಲೇ ಮುಗಿಯುತ್ತವೆ.

ಜುಲೈ. ಟಾರು ಹೊಳೆಯುವ ಮಧ್ಯಾಹ್ನ.
ಹಿಂದಿನ ಚಕ್ರಕ್ಕೆ ಬೆಣೆ ಕೊಟ್ಟರು. ಹಸಿರು ದೀಪ.
ಇನ್ನು ನಿನ್ನಿಷ್ಟ ಎನ್ನುವ ದೀಪ ಅದು,
ಒಂದು ಉಸಿರು ಹೆಚ್ಚಿಗೆ ತೆಗೆದುಕೊಂಡೆ.
ಹಳೆಗೋಡೆಯ ತಿರುವಿನಲ್ಲಿ,
ಪ್ರತಿ ಸಲ ಮೂತಿ ಹೊರಗೆ ಜಾರುವಲ್ಲಿ,
ಕಾರು ಕೇಳಿದ ಕಡೆಗೇ ತಿರುಗಿತು.
ಅಷ್ಟು ಸಲೀಸಾಗಿ ತಿರುಗಿದ್ದಕ್ಕೆ ಸಿಟ್ಟು ಬಂತು ನನಗೆ.
ಹನ್ನೊಂದು ವರ್ಷ
ನನ್ನ ಕೈಗಳನ್ನೇ ಬೈದುಕೊಂಡಿದ್ದೆ.

ನಲವತ್ತೊಂದು ಪಾಯಿಂಟ್ ಸೊನ್ನೆ ಎಂಟು.

ಕೆಳಗೆ ಅವನು ಹೆಲ್ಮೆಟ್ ತೊಟ್ಟು ನಿಂತಿದ್ದ.
ಟೈರಿನ ಮೇಲೆ ಅಂಗೈ ಇಟ್ಟ, ತಟ್ಟನೆ ತೆಗೆದ.
ನೀರು, ಎಂದ.
ಗುಲಾಬಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು ನನ್ನ ಕೈಗೆ ಬಂತು.
ಮುಂದಿನೆರಡಕ್ಕೆ ಹೊಡೆದೆ, ಹಬೆಯೆದ್ದಿತು,
ಸೀದ ಸಕ್ಕರೆಯ ವಾಸನೆ.
ಸುತ್ತ ಹೊಡೆ, ನೆರಿಸ್, ಎಂದ ಬೆಲ್ಟಿನೊಳಗಿಂದ.
ಹೊಡೆದೆ.
ಎಡಗಡೆಯದಕ್ಕೆ ಚೆನ್ನಾಗಿ.
ಬಲಗಡೆಗೆ ಬರುವಷ್ಟರಲ್ಲಿ ಪಂಪು ಬರಿದಾಗುತ್ತ ಬಂದಿತ್ತು,
ಅಥವಾ ನನಗೆ ಹಾಗನ್ನಿಸಿತು.
ನಲ್ಲಿ ಹತ್ತು ಹೆಜ್ಜೆ ದೂರ.

ಅವನ ಇಂಜಿನ್ನು ಮರಗಳ ಹಿಂದೆ ಏರುವುದನ್ನು ಕೇಳುತ್ತ
ಅಲ್ಲೇ ನಿಂತು
ಪಂಪು ಅಲ್ಲಾಡಿಸಿ ನೋಡಿದೆ.
ಒಳಗೆ ನೀರು ಕುಲುಕಿತು.