ಇಪ್ಪತ್ತು ಸೆಕೆಂಡಿಗೊಂದು ಅಂದಾಜು

ಎಂಜಿನ್ ಇನ್ನೂ ಇಳಿದಿಲ್ಲ.
ಕಲಾಸಿಪಾಳ್ಯದ ಹಿಂದಿನ ಗಲ್ಲಿಯಲ್ಲಿ, ಚೈನ್ ಪುಲ್ಲಿಯ ಕೆಳಗೆ,
ಹಲ್ಲಿನ ಡಾಕ್ಟರ ಮುಂದೆ ಕೂತವನ ಹಾಗೆ
ಬಾಯಿ ತೆರೆದು ನಿಂತಿದೆ ಲಾರಿ.
ಯಾರದೋ ನಾಮಕರಣದ ಕಾರ್ಡಿನ ಬೆನ್ನಿಗೆ
ಬರೆಯುತ್ತಿದ್ದೇನೆ, ಕಿವಿಯ ಮೇಲಿನ ಪೆನ್ಸಿಲ್ ತೆಗೆದು:
ಲೈನರ್ ಆರು, ಪಿಸ್ಟನ್ ಆರು, ರಿಂಗು, ಬೇರಿಂಗ್ ಶೆಲ್ಲು.
ಹೆಡ್ಡಿಗೆ ಸ್ಟಡ್ಡು, ಪೀಣ್ಯದಲ್ಲಿ ಕಡೆಸಬೇಕು.
ಕಂಪನಿ ಗ್ಯಾಸ್ಕೆಟ್ ತಡೆಯಲ್ಲ, ತಾಮ್ರದ್ದು ಕತ್ತರಿಸಬೇಕು.

ಬೇಸಿಗೆಯೆಲ್ಲ ಮಹದೇವಪುರಕ್ಕೆ ನೀರು ಹೊತ್ತ ಲಾರಿ ಇದು.
ಟ್ಯಾಂಕು ಕಳಚಿದ ಮೇಲೂ ಚಾಸಿಗೆ ಪಾಚಿಯ ವಾಸನೆ.
ಈಗ ಹೊಸಕೋಟೆ ಆಚೆಯ ಬಯಲಲ್ಲಿ
ನೂರು ಮೀಟರ್ ಮಣ್ಣು, ಹಿಂದೆ ಕಬ್ಬಿಣದ ಜಾರುಬಂಡಿ,
ಎಳೆದಷ್ಟೂ ಮುಂದೆ ಸರಿದು ಬಂದು
ಬೆನ್ನ ಮೇಲೇ ಕೂರುವ ಕಲ್ಲಿನ ಪೆಟ್ಟಿಗೆ.
ಮೂರು ವರ್ಷವೂ ಎಪ್ಪತ್ತೊಂದಕ್ಕೇ ನಿಂತ ದಯಾಶಂಕರ
ನನ್ನ ಸ್ಟೂಲಿನ ಮೇಲೆ ಕೂತು ಕೇಳುತ್ತಾನೆ:
"ಎಷ್ಟಾಗ್ತದೆ, ಇನಾಯತ್ ಭಾಯ್?"

ಉಸ್ತಾದ್ ಜ್ಞಾನಮುತ್ತು ಹೇಳುತ್ತಿದ್ದರು:
ಎಂಜಿನ್ ಕಟ್ಟಿದರೆ ಮೂರು ಲಕ್ಷ ಕಿಲೋಮೀಟರು
ನಿನ್ನ ಹೆಸರು ಡ್ರೈವರನಿಗೆ ನೆನಪಾಗಬಾರದು.
ಹಾಗೇ ಬದುಕಿದೆ, ಮೂವತ್ತೆಂಟು ವರ್ಷ,
ಮರೆತುಹೋಗುವುದರಲ್ಲಿ ಹೆಸರು ಮಾಡಿ.
ಇದು ಬೇರೆ ಲೆಕ್ಕ.
ಇದು ಬದುಕಬೇಕಾದ್ದು ಇಪ್ಪತ್ತು ಸೆಕೆಂಡು,
ಆಮೇಲೆ ತಣ್ಣಗಾಗಿ, ಮತ್ತೆ ಇಪ್ಪತ್ತು.

ಪಂಪಿಗೆ ದಪ್ಪ ಪ್ಲಂಜರ್ ಕೂರಿಸಿದರೆ ಕರಿಹೊಗೆ.
ಹೊಗೆ ಸುಡಲು ಗಾಳಿ ಬೇಕು, ಗಾಳಿಗೆ ದೊಡ್ಡ ಟರ್ಬೊ,
ಟರ್ಬೊ ತುರುಕಿದ ಗಾಳಿಗೆ ಹೆಡ್ಡು ಏಳುತ್ತದೆ,
ಹೆಡ್ಡು ಬಿಗಿದರೆ ರಾಡು ಬಾಗುತ್ತದೆ,
ರಾಡು ತಡೆದರೆ ಕ್ರಾಂಕು,
ಕ್ರಾಂಕು ಉಳಿದರೆ ಕ್ಲಚ್ಚು, ಕ್ಲಚ್ಚು ಹಿಡಿದರೆ ಗೇರು.
ನಮ್ಮೂರ ರಸ್ತೆಗುಂಡಿಯ ಹಾಗೆ,
ಇಲ್ಲಿ ಮುಚ್ಚಿದರೆ ಹತ್ತು ಮಾರಾಚೆ ಬಾಯಿ ಬಿಡುತ್ತದೆ.

ಪಂಪಿನಂಗಡಿಯ ಶಶಿರೇಖಾ ನಾಜಲ್ಲು ಒತ್ತಿ ಕೇಳಿಸಿದರು.
ಸರಿಯಿದ್ದದ್ದು ಪಾರಿವಾಳದ ಹಾಗೆ ಗೊರಗುಟ್ಟುತ್ತದೆ,
ಕೆಟ್ಟದ್ದು ಸುಮ್ಮನೆ ಉಗುಳುತ್ತದೆ.
ಆರರಲ್ಲಿ ನಾಲ್ಕು ಪಾರಿವಾಳ.
"ಗವರ್ನರ್ ಸ್ಕ್ರೂ ಎರಡು ಸುತ್ತು ಬಿಡ್ತೀನಿ," ಅಂದರು,
"ಮೂರನೇದು ನನ್ನ ಕೇಳಬೇಡಿ, ನನಗೂ ಮಕ್ಕಳಿದಾರೆ."

ದಯಾಶಂಕರ ಕೇಳಿದ್ದು ಎಷ್ಟು ಅಂತ.
ನಾನು ಹುಡುಕುತ್ತಿರುವುದು ಎಲ್ಲಿ ಅಂತ.
ಮುರಿಯುವುದು ಮುರಿಯಲಿ, ಆದರೆ ಎಲ್ಲಿ?
ಅಗ್ಗದ್ದರಲ್ಲಿ, ಕೈಗೆಟುಕುವುದರಲ್ಲಿ,
ಜನ ನಿಲ್ಲುವ ಹಗ್ಗದಿಂದ ದೂರದಲ್ಲಿ.
ಪಟ್ಟಿಯಲ್ಲಿ ಎಲ್ಲದರ ಮುಂದೆ 'ಹೊಸದು' ಅಂತ ಬರೆದೆ,
ಶಾಫ್ಟಿನ ಕ್ರಾಸಿನ ಮುಂದೆ ಮಾತ್ರ 'ಹಳೆಯದೇ ಇರಲಿ.'
ಸಾವಿರದೆಂಟುನೂರಕ್ಕೆ ಸಿಗುವ ಪುಟ್ಟ ಶಿಲುಬೆ,
ಎಲ್ಲರ ಪರವಾಗಿ ಅದು ಹೋಗಲಿ.
ಸುತ್ತ ದಪ್ಪ ಪಟ್ಟಿಯ ಬಳೆ, ಎರಡು,
ಮುರಿದ ಶಾಫ್ಟು ನೆಲ ಕುಕ್ಕದ ಹಾಗೆ.
ಅದನ್ನು ಮಾತ್ರ ಬೇರೆಯವರ ಕೈಗೆ ಕೊಡಲ್ಲ, ನಾನೇ ವೆಲ್ಡು ಹಾಕುತ್ತೇನೆ.

ಮೊತ್ತ ಕೂಡಿಸಿದೆ. ಅಳಿಸಿದೆ. ಮತ್ತೆ ಕೂಡಿಸಿದೆ.
ಎರಡು ಸಲ ಬೇರೆ ಬೇರೆ ಬಂತು, ಎರಡೂ ಜಾಸ್ತಿಯೇ.
ಕಾರ್ಡು ತಿರುವಿದರೆ ಮಗುವಿನ ಹೆಸರಿನ ಮೇಲೆ
ನನ್ನ ಹೆಬ್ಬೆಟ್ಟಿನ ಗ್ರೀಸು.
"ಎಂಬತ್ತು ದಾಟುತ್ತಾ, ಭಾಯ್?"
ಸ್ಪ್ಯಾನರ್ ಹಾಕಿದೆ. ಮ್ಯಾನಿಫೋಲ್ಡಿನ ಮೊದಲ ಬೋಲ್ಟೇ
ತುಕ್ಕು ಹಿಡಿದು ಕೂತಿದೆ, ಅಲ್ಲಾಡಲಿಲ್ಲ.
ಅದರ ನೆತ್ತಿಗೆ ನಾಲ್ಕು ಹನಿ ಡೀಸೆಲ್ ಬಿಟ್ಟು
ಟೀ ಕುಡಿಯಲು ಹೋದೆವು.