ಹಿಂಬಾಗಿಲ ಎತ್ತರ

ಹಳೇ ಜೀಪಿನ ನೆಲ ತೂತು ಬಿದ್ದು
ಕಾಲಡಿಯಲ್ಲೇ ದಾರಿ ಓಡುವುದು ಕಾಣತೊಡಗಿದಾಗ
ಮೊಯ್ದು ಹೇಳಿದ, "ಇನ್ನು ವೆಲ್ಡಿಂಗ್ ಹಿಡಿಯಲ್ಲ ಅಮ್ಮಾ,
ತುಕ್ಕಿಗೆ ತುಕ್ಕು ಅಂಟಿಸೋಕಾಗಲ್ಲ."
ಮೂವತ್ತೊಂದು ವರ್ಷ ಅದರ ಹೊಟ್ಟೆ ನೋಡಿದವನು.
ಕಾಫಿ ಕುಡಿದ, ಕೂಲಿ ಬೇಡವೆಂದ.
ಸಾವಿನ ಮನೆಯಿಂದ ಏಳುವವರ ಹಾಗೆ
'ಬರ್ತೇನೆ' ಎನ್ನದೆ ಹೋದ.

ಜನವರಿ. ಹಣ್ಣು ಕೆಂಪಾಗಿ ರೆಕ್ಕೆಗಳು ಬಗ್ಗಿವೆ.
ಹಣ್ಣು ಕಾಯುವುದಿಲ್ಲ, ಸಲಹೆಗಳೂ ಕಾಯಲಿಲ್ಲ.

ಪಕ್ಕದ ತೋಟದ ಬಿದ್ದಪ್ಪ ಬೇಲಿಗೆ ಒರಗಿ,
"ತಗೊಂಡರೆ ಫೋರ್‌ವ್ಹೀಲೇ ತಗೋ, ಉಳಿದದ್ದು ಆಟಿಕೆ."
ಅವನದು ಮೂರು ವರ್ಷದಿಂದ ಶೆಡ್ಡಿನಲ್ಲಿದೆ,
ಮದುವೆಗೆ ಮಾತ್ರ ಹೊರಡುತ್ತದೆ.
ರೈಟರ್ ಜೋಯಪ್ಪನಿಗೆ ಟ್ರ್ಯಾಕ್ಟರೇ ಆಗಬೇಕು;
ಟ್ರ್ಯಾಕ್ಟರಿಗೆ ಡ್ರೈವರ್ ಬೇಕು,
ಡ್ರೈವರ್ ಎಂದರೆ ಅವನ ಭಾವಮೈದ.
ವಿರಾಜಪೇಟೆಯಿಂದ ಅಕ್ಕ ಫೋನು ಮಾಡಿ
"ಬಿಳಿ ಬಣ್ಣ ಮಾತ್ರ ಬೇಡ" ಎಂದಳು.
ಅದೊಂದನ್ನು ಬರೆದುಕೊಂಡೆ.

ಆಮೇಲೆ ಟೇಪು ಹಿಡಿದು ಹೊರಟೆ.
ಗೇಟಿನ ಕಲ್ಲುಕಂಬಗಳ ನಡುವೆ ಏಳಡಿ ನಾಲ್ಕಿಂಚು.
ಮೋರಿ ಆರಡಿ ಹತ್ತು; ಎಡದಂಚು ಕುಸಿದಿದೆ,
ಆರೂವರೆ ಅನ್ನಿ.
ಹಲಸಿನ ತಿರುವಿಗೆ ಟೇಪು ಸಾಲಲಿಲ್ಲ,
ಹೆಜ್ಜೆಯಲ್ಲಿ ಅಳೆದೆ, ಮಂಡಿ ಒಪ್ಪಲಿಲ್ಲ.
ಮೇಲಿನ ಎರಡೆಕರೆಯ ಏರಿಗಂತೂ ಲೆಕ್ಕವಿಲ್ಲ.
ಅಲ್ಲಿ ಜೀಪು ಹತ್ತುತ್ತಿದ್ದುದು ಅರ್ಧ ಡೀಸೆಲಿನಲ್ಲಿ,
ಇನ್ನರ್ಧ ಇಗ್ಗುತಪ್ಪನ ಹೆಸರಿನಲ್ಲಿ.

ಕುಶಾಲನಗರದ ಷೋರೂಮಿನ ಹುಡುಗ
ನನ್ನನ್ನು ಬಿಟ್ಟು ಜೋಯಪ್ಪನಿಗೇ ವಿವರಿಸಿದ.
ಇಷ್ಟು ಕುದುರೆಶಕ್ತಿ, ಇಷ್ಟು ಟಾರ್ಕು,
ಒಂದೂಕಾಲು ಟನ್ನು ಹೊರುತ್ತದೆ, ಫೋನಿಗೂ ಚಾರ್ಜು.
ಜೋಯಪ್ಪ ಗಂಭೀರವಾಗಿ ಟೈರಿಗೆ ಒದ್ದ.
ಆ ಒಂದೂಕಾಲು ಟನ್ನನ್ನು ಮೇಲೆತ್ತುವವರು ಯಾರೆಂದು
ಹೊಳಪು ಕಾಗದದಲ್ಲಿ ಬರೆದಿರಲಿಲ್ಲ.

ಬೊಳ್ಚಿಯನ್ನು ಜೊತೆಗೆ ಕರೆತಂದಿದ್ದೆ,
ಹದಿನಾಲ್ಕು ಕೊಯ್ಲು ನಮ್ಮ ಗೋಣಿ ಎತ್ತಿದವಳು.
ಚಪ್ಪಲಿಯನ್ನು ಗಾಜಿನ ಬಾಗಿಲಲ್ಲೇ ಬಿಟ್ಟು
ಮಿರುಗುವ ನೆಲದ ಮೇಲೆ ಒಂದೊಂದು ಗಾಡಿಯ ಹಿಂದೆಯೂ
ಹೋಗಿ ನಿಂತಳು.
ದೊಡ್ಡದರ ಹಿಂಬಾಗಿಲು ಅವಳ ಎದೆಗೆ ಬಂತು.
ಮೂಲೆಯ ಪುಟ್ಟ ಪಿಕಪ್ಪಿನದು ಸೊಂಟಕ್ಕೆ.
ಸಂತೆಯಲ್ಲಿ ಮಡಕೆ ತಟ್ಟುವ ಹಾಗೆ
ಬೆರಳ ಗೆಣ್ಣಿನಿಂದ ತಟ್ಟಿದಳು.
"ಇದಕ್ಕಾದರೆ ಸೊಂಟದಿಂದ ತಳ್ಳಬಹುದು.
ಅದಕ್ಕೆ ಹೆಗಲಿಗೇರಿಸಿ ಎಸೀಬೇಕು."
ಹುಡುಗ ನಕ್ಕ. "ಹಾಗೆಲ್ಲ ಗಾಡಿ ಆರಿಸೋದಿಲ್ಲ ಮೇಡಂ."

ಜೀಪಿನ ಹಿಂಬಾಗಿಲನ್ನು ಇಷ್ಟು ವರ್ಷ
ತೆರೆದಿದ್ದೇನೆ, ಮುಚ್ಚಿದ್ದೇನೆ, ಕೊಂಡಿ ಹಾಕಿದ್ದೇನೆ.
ಎಷ್ಟು ಎತ್ತರವೆಂದು ಒಮ್ಮೆಯೂ ಅಳೆದಿರಲಿಲ್ಲ.
ಟೇಪು ನನ್ನ ಚೀಲದಲ್ಲೇ ಇತ್ತು.

ಪುಟ್ಟದನ್ನೇ ತಂದೆವು. ಬಿಳಿ; ಬೇರೆ ಬಣ್ಣ ಇರಲಿಲ್ಲ.
ಬಿದ್ದಪ್ಪ ಬೇಲಿಗೆ ಬಂದು ನೋಡಿ
"ಕೋಳಿ ಸಾಗಿಸ್ತೀಯಾ?" ಎಂದ.
ಹಲಸಿನ ತಿರುವಿನಲ್ಲಿ ಅದು ಏದುಸಿರು ಬಿಟ್ಟು
ಹಿಂದಕ್ಕೆ ಜಾರಿತು; ಓಡಿ ಚಕ್ರಕ್ಕೆ ಕಲ್ಲು ಕೊಟ್ಟೆ.
ಮೇಲಿನ ಎರಡೆಕರೆಗೆ ಹತ್ತುವುದಿಲ್ಲ. ಗೊತ್ತಿತ್ತು.
"ಹಣ್ಣು ಹೇಗೂ ಕೆಳಗೇ ಬರೋದಲ್ವಾ," ಎಂದಳು ಬೊಳ್ಚಿ,
"ಗೊಬ್ಬರ ಮೇಲೆ ಹೋಗೋದು ಹೇಗೆ ಅಂತ
ನೀವು ಯೋಚನೆ ಮಾಡಿ."
ಮಾಡುತ್ತಿದ್ದೇನೆ.

ಸಂಜೆ ತೂಕ ಮುಗಿದ ಮೇಲೆ ಹನ್ನೆರಡು ಗೋಣಿ.
ಅವಳೂ ಅವಳ ಮಗಳೂ ಒಂದೊಂದೇ ತಳ್ಳಿದರು,
ತಳ್ಳುವಾಗ ಮಾತಾಡುತ್ತಲೇ ಇದ್ದರು;
ಹಿಂದೆಲ್ಲ ಈ ಹೊತ್ತಿಗೆ ಮಾತಿರುತ್ತಿರಲಿಲ್ಲ.
ಕೊನೆಯದರ ಕಿವಿಯನ್ನು ನಾನು ಹಿಡಿದೆ,
ಉಸಿರು ಕಟ್ಟಿ ಎತ್ತಿದೆ.
ಸೊಂಟದವರೆಗೂ ಬರಲಿಲ್ಲ.
ಬೊಳ್ಚಿ ಏನೂ ಹೇಳದೆ
ಗೋಣಿಯಡಿಗೆ ಮೊಣಕಾಲು ಕೊಟ್ಟಳು.